ಬೀದಿ ಮುಟ್ಟದ ಚಪ್ಪಲಿ

ಚಾಮರಾಜಪೇಟೆಯ ನಮ್ಮ ಮನೆಯದು ಕೆಂಪು ಗಾರೆ ನೆಲ. ರಕ್ತ ಬಿದ್ದರೆ ಕಾಣುವುದಿಲ್ಲ. ಆ ಬೆಳಿಗ್ಗೆ ನನ್ನ ಕಣ್ಣಿಗೆ ಬಿದ್ದದ್ದು ನಮ್ಮ ಯಜಮಾನರ ಬಿಳಿ ಪಂಚೆಯ ಅಂಚಿನ ಕಲೆ.

ಬಲಗಾಲಿನ ಕಿರುಬೆರಳ ಕೆಳಗೆ ಹುಣ್ಣು. ನೋವೇ ಇಲ್ಲ ಅಂದರು. ಹಳೆಯ ಡಯಾಬಿಟಿಸ್‌ನಿಂದ ಪಾದ ಎಂದೋ ಜೋಮು ಹಿಡಿದಿತ್ತು.

ಬೆರಳು ಉಳಿಯಲಿಲ್ಲ.

ಪೇಟೆಯಲ್ಲಿ ನಮ್ಮದು ಪಾತ್ರೆ ಅಂಗಡಿ. ಅವರಿಗೆ ಅದು ದೇವರ ಮನೆಯಿದ್ದ ಹಾಗೆ. ಅವರ ತಂದೆಯಂತೆ ಇವರೂ ವಿಭೂತಿ ಹಚ್ಚಿ, ಹೊಸ್ತಿಲಾಚೆ ಚಪ್ಪಲಿ ಬಿಟ್ಟು, ದಿನವಿಡೀ ಬರಿಗಾಲಲ್ಲಿ ಓಡಾಡುವವರು. ಒಳಗೂ ಚಪ್ಪಲಿ ಹಾಕದಿದ್ದರೆ ಪಾದವೇ ಹೋದೀತು ಎಂದು ಡಾಕ್ಟರು ಹೇಳಿದಾಗ ತಲೆಯಾಡಿಸಿ ಬಂದರು. ಗಾಯ ಮಾಗಿತು. ಮತ್ತೆ ಬರಿಗಾಲು.

ನಾನು ಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು. ತಪ್ಪು ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಬೈದೆ, ಅತ್ತೆ, ಊಟ ಬಿಟ್ಟೆ. ಅವರ ಹಟ ಇನ್ನೂ ಜಾಸ್ತಿಯಾಯಿತು.

ಕೊನೆಗೆ ಡಾಕ್ಟರು ಕೌನ್ಸೆಲರ್ ಹತ್ತಿರ ಕಳಿಸಿದರು. ನಮ್ಮ ಮಗಳ ವಯಸ್ಸಿನ ಹುಡುಗಿ. "ಇದನ್ನ ಮೋಟಿವೇಶನಲ್ ಇಂಟರ್‌ವ್ಯೂಯಿಂಗ್ ಅಂತಾರೆ. ನಾನು ಬುದ್ಧಿ ಹೇಳಲ್ಲ, ಕೇಳ್ತೀನಿ ಅಷ್ಟೆ" ಎಂದಳು. ಕೇಳುವುದಕ್ಕೂ ಇಷ್ಟುದ್ದದ ಹೆಸರೇ ಎಂದು ಒಳಗೇ ಗೊಣಗಿಕೊಂಡೆ.

"ಸರ್, ಅಂಗಡಿಯೊಳಗೆ ಚಪ್ಪಲಿ ಹಾಕೋದು ನಿಮಗೆಷ್ಟು ಮುಖ್ಯ? ಹತ್ತಕ್ಕೆ ಎಷ್ಟು ಕೊಡ್ತೀರಾ?"

"ಮೂರು."

ನಾನು ಬಾಯಿ ತೆರೆದೆ. ಆಕೆ ನನ್ನ ಕಡೆ ನೋಡಿ ತಾಳಿ ಎಂಬಂತೆ ಕೈ ತೋರಿಸಿದಳು. "ಸೊನ್ನೆ ಅನ್ನಲಿಲ್ಲವಲ್ಲ. ಮೂರು ಯಾಕೆ ಸರ್?"

ಅವರು ಕಾಲಿನ ಕಡೆ ನೋಡಿಕೊಂಡರು. "ಇವಳ ಕಣ್ಣಿಗೆ ಬೀಳೋ ಹೊತ್ತಿಗೆ ಹುಣ್ಣಾಗಿ ಹನ್ನೆರಡು ದಿನ ಆಗಿತ್ತಮ್ಮ. ಇವಳಿಗೆ ಹೇಳಿದ್ರೆ ಬೈತಾಳೆ ಅಂತ ಹೇಳ್ಲಿಲ್ಲ. ದಿನಾ ಇವಳು ಏಳೋ ಮುಂಚೆ ನೆಲ ಒರೆಸಿಬಿಡ್ತಿದ್ದೆ. ಇನ್ನೊಂದ್ಸಲ ಹಂಗೆ ಮುಚ್ಚಿಡೋಕೆ ನನ್ನ ಕೈಲಾಗಲ್ಲ."

ಹನ್ನೆರಡು ದಿನ.

ಒಮ್ಮೆ ಬೇಗ ಎಚ್ಚರವಾಗಿ, ಅವರು ನೆಲ ಒರೆಸುವುದನ್ನು ಕಂಡಿದ್ದೆ. "ಏನ್ರೀ, ಈ ವಯಸ್ಸಿಗೆ ಬುದ್ಧಿ ಬಂತಾ?" ಎಂದು ನಕ್ಕಿದ್ದೆ. ಅವರೂ ನಕ್ಕಿದ್ದರು. ಆ ನಗು ಈಗಲೂ ನನ್ನ ಬೆನ್ನು ಬಿಟ್ಟಿಲ್ಲ.

"ಏನು ಮಾಡಬಹುದು ಅನ್ಸುತ್ತೆ?" ಆಕೆ ಮೆಲ್ಲಗೆ ಕೇಳಿದಳು.

"ಬೀದಿ ಮುಟ್ಟದ ಜೋಡಿ ಒಂದಿದ್ರೆ ಅಂಗಡಿಯೊಳಗೇ ಇಟ್ಕೋಬಹುದು" ಎಂದರು. ನಾನು ತಿಂಗಳುಗಟ್ಟಲೆ ಕೂಗಾಡಿದರೂ ಬಾರದ ಮಾತು. ಮುಂದಿನ ಸೋಮವಾರ ಆಸ್ಪತ್ರೆಯಲ್ಲಿ ಕೊಟ್ಟ ಮೆತ್ತನೆಯ ಹೊಸ ಚಪ್ಪಲಿಯನ್ನು ಡಬ್ಬದಲ್ಲೇ ಅಂಗಡಿಗೆ ಒಯ್ದು, ಒಳಗೆ ಕೂತು ಹಾಕಿಕೊಂಡರು.

ಈಗ ಸಂಜೆ ಅವರು ಅಂಗಡಿಯಿಂದ ಬಂದಾಗ "ಚಪ್ಪಲಿ ಹಾಕಿದ್ರಾ?" ಎಂದು ಕೇಳುವುದಿಲ್ಲ. "ಕಾಲು ಹೇಗಿದೆ?" ಎಂದು ಕೇಳಿ ಕಾಯುತ್ತೇನೆ. ಕಾಯುವುದು ಕಷ್ಟ. ಬೆಳಿಗ್ಗೆ ಅವರಿಗಿಂತ ಮೊದಲೆದ್ದು ಬಿಳಿ ಬಟ್ಟೆಯಲ್ಲಿ ನೆಲ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತೇನೆ. ಹೆದರಿಕೆ ಹೋಗಿಲ್ಲ.

ನಿನ್ನೆ ನಾನು ಕೇಳುವ ಮೊದಲೇ ಅವರು ಕಾಲು ಚಾಚಿದರು. "ಹಿಮ್ಮಡಿ ಹತ್ರ ಕೆಂಪಗಾಗಿದೆಯೇನೋ, ನೋಡು."

ಬೈಗುಳ ಗಂಟಲವರೆಗೆ ಬಂತು. ನುಂಗಿಕೊಂಡು, ಕನ್ನಡಕ ತಂದು, ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡೆ.