ಬೀಗಿತ್ತಿಯರ ಪಡೆಗೆ ಇಂಟರ್ನೆಟ್ ಬಂದದ್ದು

ಪುಷ್ಪಾವತಿ ಚನ್ನರಾಯನದುರ್ಗದ ಬೆಟ್ಟದ ಬುಡದ ಊರೊಂದರಲ್ಲಿ ಮನೆಗೆ ಅಂಟಿಕೊಂಡೇ ಹಿಟ್ಟಿನ ಮಿಲ್ ನಡೆಸುತ್ತಾಳೆ. ವಯಸ್ಸು ಐವತ್ತೊಂದು. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ರಾಗಿ, ಜೋಳ, ಗೋಧಿ ಬೀಸುತ್ತಾಳೆ. ಊಟವಾದ ಮೇಲೆ ತಲೆಗೆ ಕಟ್ಟಿದ ಟವೆಲ್ ಬಿಚ್ಚಿ ಹಿಟ್ಟು ಕೊಡವಿ, ಕನ್ನಡಕ ಒರೆಸಿಕೊಂಡು, ವಿಮಾನದಿಂದ ಹಾರುತ್ತಾಳೆ.

ಹಾರುವುದು ಫೋನಿನೊಳಗೆ. ಆ ಗೇಮಿನಲ್ಲಿ ನಾಲ್ಕು ನಾಲ್ಕು ಜನರ ತಂಡಗಳು ಒಂದು ದ್ವೀಪಕ್ಕೆ ಇಳಿಯುತ್ತವೆ. ಸಿಕ್ಕ ಮನೆಗೆ ನುಗ್ಗಿ, ಸಿಕ್ಕ ಬಂದೂಕು ಎತ್ತಿಕೊಂಡು, ಕೊನೆಗೆ ಉಳಿದವರು ಗೆದ್ದಂತೆ. ಇದನ್ನು ಅವಳಿಗೆ ಹಿಡಿಸಿದವಳು ಮಗಳು ಮಂಜುಶ್ರೀ. ಮದುವೆಯಾಗಿ ಪಾವಗಡಕ್ಕೆ ಹೋದ ಮೊದಲ ತಿಂಗಳು ಅವಳು ಅಮ್ಮನ ಫೋನೇ ಎತ್ತುತ್ತಿರಲಿಲ್ಲ. ಕೇಳಿದರೆ, ಆಡುತ್ತಿದ್ದೆ ಎನ್ನುವಳು. ಆಡುವಾಗ ಮಾತಾಡಲು ಬರುವುದಿಲ್ಲವೇ ಎಂದು ಪುಷ್ಪಾವತಿ ಕೇಳಿದಳು. ಜೊತೆಗೆ ಆಡುವವರ ಹತ್ತಿರ ಮಾತ್ರ ಮಾತಾಡಬಹುದು ಎಂದು ಉತ್ತರ ಬಂತು. ಹಾಗಾದರೆ ನನ್ನನ್ನೂ ಸೇರಿಸಿಕೋ ಎಂದಳು ತಾಯಿ.

ಮೊದಲ ವಾರ ಅವಳು ಗೋಡೆಗೆ ಮುಖ ಮಾಡಿ ನಿಂತೇ ಸತ್ತಳು. ಎರಡನೆಯ ವಾರ ಬಾಗಿಲು ತೆಗೆಯುವುದು ಗೊತ್ತಾಯಿತು. ಮೂರನೆಯ ತಿಂಗಳಿಗೆ ಅಳಿಯ ಪ್ರಭುದೇವನನ್ನು ದಿನಕ್ಕೆರಡು ಸಲವಾದರೂ ಸಾವಿನ ಬಾಯಿಂದ ಎಳೆದು ತರುವಷ್ಟಾದಳು. ಈ ಮೂವರ ಗಲಾಟೆ ಕೇಳಿ ಕೇಳಿ ಪ್ರಭುದೇವನ ತಾಯಿ ಸರ್ವಮಂಗಳಾ, ನಾನೇನು ಪಾಪ ಮಾಡಿದ್ದೆ ಎಂದು ತಾನೂ ಒಂದು ಫೋನ್ ಹಿಡಿದು ಕೂತಳು. ಬೀಗಿತ್ತಿಯರಿಬ್ಬರೂ ಮದುವೆಯ ಮನೆಯಲ್ಲಿ ಹೋಳಿಗೆಯ ವಿಷಯಕ್ಕೆ ಮುನಿಸಿಕೊಂಡವರು. ಈಗ ಒಬ್ಬಳು ಬಿದ್ದರೆ ಇನ್ನೊಬ್ಬಳು ಗುಂಡಿನ ಮಳೆಯಲ್ಲೇ ಓಡಿ ಬಂದು ಬ್ಯಾಂಡೇಜು ಕಟ್ಟುತ್ತಿದ್ದಳು. ಗೇಮಿನೊಳಗೆ ಪುಷ್ಪಾವತಿಯ ಹೆಸರು ರಾಗಿರಾಣಿ, ಸರ್ವಮಂಗಳಾಳದು ಪಾವಗಡ ಪುಲಿ, ಅಂದರೆ ಅವಳ ತೆಲುಗಿನಲ್ಲಿ ಹುಲಿ. ತಂಡದ ಹೆಸರು ಬೀಗರ ಪಡೆ.

ಪಾವಗಡದ ಮನೆಯಲ್ಲಿ ಕೇಬಲಿನ ಇಂಟರ್ನೆಟ್ ಇತ್ತು. ಪುಷ್ಪಾವತಿಗೆ ಇದ್ದದ್ದು ಮೊಬೈಲ್ ಸಿಗ್ನಲ್ ಒಂದೇ. ಬೆಟ್ಟದ ಮರೆಗೆ ಬಿದ್ದ ಊರಾದ್ದರಿಂದ ಅದೂ ಬಂದರೆ ಬಂತು. ಪರದೆಯ ಮೂಲೆಯಲ್ಲಿ ಪಿಂಗ್ ಎಂದು ಒಂದು ಅಂಕಿ ಕಾಣುತ್ತದೆ; ನಾವು ಗುಂಡಿ ಒತ್ತಿದ್ದು ಅಲ್ಲಿಗೆ ತಲುಪಿ ವಾಪಸು ಬರಲು ಹಿಡಿಯುವ ಹೊತ್ತು ಅದು. ಮಂಜುಶ್ರೀಗೆ ಇಪ್ಪತ್ತು ತೋರಿಸಿದರೆ ತಾಯಿಗೆ ಮುನ್ನೂರು. ಪುಷ್ಪಾವತಿ ಶತ್ರುವಿಗೆ ಗುರಿಯಿಟ್ಟು ಹೊಡೆಯುವಷ್ಟರಲ್ಲಿ ಅವನು ಅವಳನ್ನು ಕೊಂದು, ಅವಳ ಬ್ಯಾಗಿನಿಂದ ಬೇಕಾದ್ದು ಎತ್ತಿಕೊಂಡು ಹೋಗಿರುತ್ತಿದ್ದ.

ಆಗಲೇ ಸಿರಾದ ಮೊಬೈಲ್ ಅಂಗಡಿಯೊಂದು ನಾಲ್ಕು ತಾಲ್ಲೂಕಿನವರಿಗೆ ಪಂದ್ಯ ಇಟ್ಟಿತು. ಮುಂದಿನ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಮೂರು ಆಟ, ಎಲ್ಲರೂ ಅವರವರ ಮನೆಯಿಂದಲೇ ಆಡುವುದು. ಸರ್ವಮಂಗಳಾ ಕೇಳಿದ ಕೂಡಲೇ ಹೆಸರು ಬರೆಸಿಬಿಟ್ಟಳು. ಆಮೇಲೆ ಬೀಗಿತ್ತಿಗೆ ಫೋನ್ ಮಾಡಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದಳು: "ನೀವು ನಡುರೋಡ್ನಾಗ ಬಸವಣ್ಣನಂಗೆ ನಿಂತ್ರೆ ನಾನೇಮಿ ಚೇಸೇದಿ ಬೀಗಿತ್ತೀ? ಒಳ್ಳೇ ನೆಟ್ಟು ಹಾಕ್ಸ್ಕಳ್ಳಿ."

ಪುಷ್ಪಾವತಿ ಅಂದೇ ವಿಚಾರಿಸತೊಡಗಿದಳು. ಊರಿಗೆ ಕೇಬಲ್ ಎಳೆಯುವವರಿರಲಿಲ್ಲ. ಉಳಿದದ್ದು ಎರಡು ದಾರಿ. ಒಂದು, ಮನೆಯ ಮೇಲೆ ತಟ್ಟೆಯಿಟ್ಟು ಆಕಾಶದ ಉಪಗ್ರಹದಿಂದ ತರಿಸುವುದು. ಇನ್ನೊಂದು, ದೂರದ ಟವರಿನಿಂದ ಗಾಳಿಯಲ್ಲೇ ಮನೆಯ ಡಬ್ಬಿಗೆ ಹಿಡಿಯುವುದು.

ಉಪಗ್ರಹದ್ದನ್ನು ತಂದವನು ಸಿರಾದ ಖಲಂದರ್. ಡಿಶ್, ಸೋಲಾರ್ ಮಾರುವವನು. ಎರಡು ದಿನ ನೋಡಿ, ಬೇಡವಾದರೆ ಬಿಚ್ಚಿಕೊಂಡು ಹೋಗುತ್ತೇನೆ ಎಂದು ಮಿಲ್ಲಿನ ತಾರಸಿಯ ಮೇಲೆ ಹೋಳಿಗೆ ಮಣೆಯಗಲದ ಬಿಳಿ ಹಲಗೆಯೊಂದನ್ನು ಇಟ್ಟ. ಅರ್ಧ ಗಂಟೆಯಲ್ಲಿ ಪಿಂಗ್ ಐವತ್ತಕ್ಕೆ ಇಳಿಯಿತು. ಪುಷ್ಪಾವತಿ ಎದ್ದು ಒಂದು ಸುತ್ತು ತಿರುಗಿಯೇ ಬಿಟ್ಟಳು. ಆ ಮಧ್ಯಾಹ್ನ ಅವಳು ಆರು ಜನರನ್ನು ಹೊಡೆದಳು. ಮಿಲ್ಲಿಗೆ ಬಂದವರಿಗೆಲ್ಲ, ನಮ್ಮ ಇಂಟರ್ನೆಟ್ಟು ಚುಕ್ಕಿಗಳ ಜೊತೆ ಓಡಾಡುತ್ತದೆ ಎಂದು ಹೇಳಿದಳು. ಗಂಡ ಪರ್ವತಯ್ಯ ಗುಡಿಯ ಪೂಜೆ ಮುಗಿಸಿ ಬಂದವನು ತಾರಸಿ ಹತ್ತಿ, ಹಲಗೆಗೆ ವಿಭೂತಿ ಹಚ್ಚಿ ಇಳಿದ.

ಮರುದಿನ ಹುಳುಕು ಕಂಡಿತು. ಹತ್ತು ನಿಮಿಷ ನೆಟ್ಟಗೆ ಆಡಿಸಿ, ಒಮ್ಮೆಲೇ ನಾಲ್ಕೈದು ಸೆಕೆಂಡು ಎಲ್ಲವೂ ನಿಂತುಹೋಗುತ್ತಿತ್ತು. ಖಲಂದರ್ ತನ್ನ ಫೋನಿನಲ್ಲಿ ಆಕಾಶದ ಚಿತ್ರ ತೋರಿಸಿದ. ಉಪಗ್ರಹಗಳು ಸಾಲಾಗಿ ಓಡುತ್ತಿರುತ್ತವೆ, ಒಂದು ಮರೆಯಾದರೆ ಇನ್ನೊಂದನ್ನು ಹಿಡಿಯಬೇಕು, ಅದಕ್ಕೆ ಆಕಾಶ ಅಗಲವಾಗಿ ಕಾಣಬೇಕು. ಇಲ್ಲಿ ಒಂದು ಕಡೆ ಹುಣಸೆಮರ, ಅದರ ಹಿಂದೆ ಬೆಟ್ಟ. ಸಿನಿಮಾ ನೋಡುವವರಿಗೆ ಆ ನಾಲ್ಕು ಸೆಕೆಂಡು ತಿಳಿಯುವುದೂ ಇಲ್ಲ. ಆದರೆ ಆಟದಲ್ಲಿ ಅಷ್ಟು ಹೊತ್ತಿಗೆ ಹೆಣ ಬಿದ್ದಿರುತ್ತದೆ.

ಮರದ ಕೊಂಬೆ ಕಡಿಸಬಹುದಲ್ಲ ಎಂದು ಅವನು ಕೇಳಿದ. ಪರ್ವತಯ್ಯ ಬೆಟ್ಟದ ಕಡೆ ನೋಡಿ, "ಕೊಂಬೆ ಕಡಿಸ್ಬೋದಪ್ಪ, ಇದುನ್ನ ಯಾರು ಕಡೀತಾರೆ?" ಎಂದ.

ಪುಷ್ಪಾವತಿಗೆ ಇದು ತನ್ನ ಕಸುಬಿನ ಭಾಷೆಯಲ್ಲಿ ಅರ್ಥವಾಯಿತು. ಕಲ್ಲು ಎಷ್ಟು ಜೋರಾಗಿ ತಿರುಗಿದರೇನು, ಬೆಲ್ಟು ಜಾರುತ್ತಿದ್ದರೆ ಹಿಟ್ಟು ನುಣ್ಣಗಾಗದು. ವೇಗಕ್ಕಿಂತ ಜಾರದಿರುವುದು ಮುಖ್ಯ. ಖಲಂದರನನ್ನೇ ಕೇಳಿದಳು, ನನ್ನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ ಎಂದು. ಅವನು ತಲೆ ಕೆರೆದುಕೊಂಡ. "ಝೂಟ್ ಯಾಕ್ ಹೇಳ್ಲಿ ಅಮ್ಮಾ. ಟವರ್ ಕಾಣೋದಾದ್ರೆ ಗೇಮಿಗೆ ಅದೇ ಅಚ್ಛಾ. ಕಾಣದೇ ಇದ್ರೆ ನಂದು ತಗಳ್ಳಿ."

ಟವರಿನ ಕಂಪನಿಯವನು ಚೇತನ್ ಕುಮಾರ್. ಮಧುಗಿರಿಯಲ್ಲಿ ಸಣ್ಣ ಆಫೀಸು, ಒಂದು ಬೈಕು, ಒಂದು ಏಣಿ. ಮಧುಗಿರಿಯಿಂದ ಊರಿಗೆ ಬರುವ ದಾರಿಯ ಬೋಳುಗುಡ್ಡದ ಮೇಲೆ ಅವರ ಟವರಿತ್ತು. ಅವನು ಬಂದು ತಾರಸಿ ಹತ್ತಿ, ಒಂದೇ ನೋಟಕ್ಕೆ ಆಗುವುದಿಲ್ಲ ಎಂದ. ಟವರಿಗೂ ಮನೆಗೂ ಕಣ್ಣಿಗೆ ಕಣ್ಣು ಕೂಡಬೇಕು. ನಡುವೆ ಬೆಟ್ಟದ ಭುಜ ಅಡ್ಡ ಕೂತಿದೆ. ಪುಷ್ಪಾವತಿ ಅವನಿಗೆ ಕಾಫಿ ಕೊಟ್ಟು, ಟವರಿಗೂ ಮನೆಗೂ ಕಾಣುವ ಮೂರನೆಯ ಜಾಗವೊಂದಿದ್ದರೆ ಎಂದು ಕೇಳಿದಳು. ಇದ್ದರೆ ಅಲ್ಲೊಂದು ಡಬ್ಬಿ, ಇಲ್ಲೊಂದು ಡಬ್ಬಿ ಇಟ್ಟು ಸಿಗ್ನಲ್ ಜಿಗಿಸಬಹುದು, ಹುಡುಕಿಕೊಡುವವರು ಯಾರು ಎಂದ ಅವನು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಚೇತನ್ ಗುಡ್ಡದ ಮೇಲೆ ಬೈಕಿನ ಕನ್ನಡಿ ಬಿಚ್ಚಿಕೊಂಡು ನಿಂತ. ಕೆಳಗೆ ಪುಷ್ಪಾವತಿ ಮಿಲ್ಲಿಗೆ ಬೀಗ ಹಾಕಿ, ಮನೆಯ ಗೋಡೆಯ ಕನ್ನಡಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ಫೋನ್ ಮಾಡಿಕೊಳ್ಳಲು ನಂಬುವಂಥ ಸಿಗ್ನಲ್ ಇಲ್ಲದ್ದರಿಂದಲೇ ತಾನೇ ಇಷ್ಟೆಲ್ಲ ಪಾಡು. ಆದ್ದರಿಂದ ಬಿಸಿಲೇ ಮಾತಾಡಬೇಕಿತ್ತು. ಒಬ್ಬರ ಕನ್ನಡಿಯ ಮಿಂಚು ಇನ್ನೊಬ್ಬರಿಗೆ ಕಂಡರೆ ದಾರಿ ಇದೆ ಎಂದು ಲೆಕ್ಕ. ಶಾಲೆಯ ನೀರಿನ ಟ್ಯಾಂಕಿನ ಮೇಲಿಂದ ಮಿಂಚಿಸಿದಳು, ಉತ್ತರವಿಲ್ಲ. ಬಂಡೆಯೊಂದನ್ನು ತೆವಳಿ ಹತ್ತಿ ಮಿಂಚಿಸಿದಳು, ಉತ್ತರವಿಲ್ಲ. ಹುಚ್ಚು ಹಿಡಿಯಿತೇ ಎಂದು ದನ ಕಾಯುವವರು ನಿಂತು ನೋಡಿದರು. ಕೊನೆಗೆ ದಿಣ್ಣೆಯ ಮೇಲಿನ ಕೆಂಚಮ್ಮನ ಕಡಲೆಕಾಯಿ ಹೊಲಕ್ಕೆ ಬಂದು, ಪಂಪಿನ ಮನೆಯ ಸೂರು ಹತ್ತಿ ಕನ್ನಡಿ ಎತ್ತಿದಳು. ದೂರದ ಬೋಳುಗುಡ್ಡದ ತುದಿಯಲ್ಲಿ ಬೆಳಕೊಂದು ಮಿಣುಕಿತು. ಅವಳು ಮಿಂಚಿಸಿದಳು, ಅದೂ ಮಿಂಚಿಸಿತು. ಅವಳು ಮೂರು ಸಲ, ಅದೂ ಮೂರು ಸಲ. ಹಿಂದಕ್ಕೆ ತಿರುಗಿದರೆ ಹುಣಸೆಮರದ ಪಕ್ಕದಲ್ಲಿ ತನ್ನ ಮಿಲ್ಲಿನ ತಾರಸಿ ಸ್ಪಷ್ಟವಾಗಿ ಕಾಣುತ್ತಿತ್ತು. ಪುಷ್ಪಾವತಿ ಸೂರಿನ ಮೇಲೇ ಕುಣಿದಳು. ತಗಡು ದಡದಡ ಎಂದಿತು.

ಆ ಸದ್ದಿಗೆ ಕೆಂಚಮ್ಮ ಕುಡುಗೋಲು ಹಿಡಿದೇ ಓಡಿ ಬಂದಳು. ಅರವತ್ತೈದು ದಾಟಿದ ಒಂಟಿ ಜೀವ, ಹೊಲವೇ ಅವಳ ಮನೆ. ಸೂರಿನ ಮೇಲೆ ಮಿಲ್ಲಿನ ಪುಷ್ಪಮ್ಮ ಕನ್ನಡಿ ಹಿಡಿದು ನಿಂತದ್ದು ಕಂಡು, ಏನು ಕೇಳಬೇಕೆಂದು ತಿಳಿಯದೆ, "ತಲೆ ಬಾಚ್ಕಳಕ್ಕೆ ನಿಮ್ಮನೇಗೆ ಜಾಗ ಇಲ್ವೇನಮ್ಮ?" ಎಂದಳು.

ಪುಷ್ಪಾವತಿ ಇಳಿದು ಎಲ್ಲ ಹೇಳಿದಳು. ಕೆಂಚಮ್ಮ ಕೇಳಿಸಿಕೊಂಡಳು. ಡಬ್ಬಿ ಇಡಲು ಅಡ್ಡಿಯಿಲ್ಲ, ಬಾಡಿಗೆಯೂ ಬೇಡ ಎಂದಳು. "ಆದ್ರೆ ಅದ್ರಾಗೆ ಅದೇನ್ ಮಾಡ್ತೀರೋ ನಂಗೂ ತೋರಿಸ್ಬೇಕು ಕಣಮ್ಮ. ನನ್ ಸೂರಿನ ಮ್ಯಾಲೆ ಹೋಗೋದು ಏನಂತ ನಂಗೆ ಗೊತ್ತಾಗ್ಬೇಕು."

ಹೊಲಕ್ಕೆ ಕರೆಂಟು ದಿನಕ್ಕೆ ಕೆಲವು ಗಂಟೆ ಮಾತ್ರ. ಅದಕ್ಕೆ ಖಲಂದರನೇ ಒಂದು ಸಣ್ಣ ಸೋಲಾರ್ ಪ್ಲೇಟು, ಬ್ಯಾಟರಿ ತಂದು ಕೂರಿಸಿದ. ತನ್ನ ಬಿಳಿ ಹಲಗೆಯನ್ನು ವಿಭೂತಿ ಒರೆಸದೆ ಹಾಗೇ ಬಿಚ್ಚಿಕೊಂಡು ಹೋದ. ಚೇತನ್ ಎರಡೂ ಕಡೆ ಡಬ್ಬಿ ಕಟ್ಟಿ, ತಿರುಗಿಸಿ ತಿರುಗಿಸಿ ಗುರಿ ಕೂಡಿಸಿದ. ಪಂದ್ಯಕ್ಕೆ ಎರಡು ದಿನ ಉಳಿದಿರುವಾಗ ಪರದೆಯ ಮೂಲೆಯಲ್ಲಿ ಹತ್ತೊಂಬತ್ತು ಎಂದು ಮೂಡಿತು, ಅಲ್ಲೇ ನಿಂತಿತು. ಪಾವಗಡದಿಂದ ಸರ್ವಮಂಗಳಾ ಎಷ್ಟು ಜೋರಾಗಿ ಕೂಗಿದಳೆಂದರೆ ಪುಷ್ಪಾವತಿ ಕಿವಿಯ ಹೆಡ್‌ಫೋನ್ ಕಿತ್ತು ಹಿಡಿದುಕೊಂಡಳು.

ಭಾನುವಾರ ಮಿಲ್ಲಿನ ಬಾಗಿಲಿಗೆ ರಜೆಯ ಬೋರ್ಡು ಬಿತ್ತು. ಪುಷ್ಪಾವತಿ ನಡುಮನೆಯಲ್ಲಿ ಚಾಪೆಯ ಮೇಲೆ ಕೂತಳು. ಕೆಂಚಮ್ಮ ಅವಳ ಹೆಗಲ ಹಿಂದೆ ಎಲೆಯಡಿಕೆ ಚೀಲದ ಸಮೇತ ಕೂತಳು. ಮೊದಲ ಆಟದಲ್ಲಿ ಪ್ರಭುದೇವ ಜೀಪನ್ನು ಸೀದಾ ನದಿಗೆ ಓಡಿಸಿ ಎಲ್ಲರನ್ನೂ ಮುಳುಗಿಸಿದ. ಅವನ ತಾಯಿ ತೆಲುಗಿನಲ್ಲಿ ಬೈದದ್ದು ಪೂರ್ತಿ ಅರ್ಥವಾಗದಿದ್ದರೂ ಪುಷ್ಪಾವತಿಗೆ ಸಮಾಧಾನವಾಯಿತು. ಎರಡನೆಯದರಲ್ಲಿ ನಾಲ್ಕನೆಯವರಾದರು. ಮೂರನೆಯದರಲ್ಲಿ ಮೊದಲು ಅಳಿಯ, ಆಮೇಲೆ ಮಗಳು, ಕೊನೆಗೆ ಬೀಗಿತ್ತಿಯೂ ಬಿದ್ದು, ಪುಷ್ಪಾವತಿ ಒಬ್ಬಳೇ ಉಳಿದಳು. ಎದುರಿಗೆ ಇದ್ದವನೂ ಒಬ್ಬನೇ, ಆದರೆ ಎಲ್ಲಿ ಎಂದು ಗೊತ್ತಿಲ್ಲ. ಸುತ್ತ ಬರೀ ಪೊದೆ.

ಕೆಂಚಮ್ಮ ಬಾಯಲ್ಲಿದ್ದ ಅಡಿಕೆಯನ್ನು ಒಂದು ಕೆನ್ನೆಗೆ ತಳ್ಳಿದಳು. ನಲವತ್ತು ವರ್ಷ ಕಡಲೆಕಾಯಿಗೆ ಬರುವ ಹಂದಿಯನ್ನು ಕಾದ ಕಣ್ಣು ಅದು. "ಎಡಗಡೆ ಮೂರ್ನೇ ಪೊದೆ ನೋಡು. ಗಾಳಿ ಇಲ್ದೆ ಅಳ್ಳಾಡ್ತೈತೆ."

ಪುಷ್ಪಾವತಿ ತಿರುಗಿಸಿ ಗುಂಡಿ ಒತ್ತಿದಳು. ಒತ್ತಿದ ಕ್ಷಣದಲ್ಲೇ ಬಂದೂಕು ಸಿಡಿಯಿತು. ಎಲ್ಲೂ ತಡೆಯಲಿಲ್ಲ, ಎಲ್ಲೂ ಜಾರಲಿಲ್ಲ. ಪೊದೆಯಿಂದ ಒಬ್ಬ ಎದ್ದು, ಬಿದ್ದ. ಪರದೆಯ ತುಂಬ ಬಣ್ಣದ ಕಾಗದ ಉದುರಿದವು. ಪುಷ್ಪಾವತಿ ಎದ್ದು ಕೆಂಚಮ್ಮನನ್ನು ತಬ್ಬಿಕೊಂಡಳು, ಅಡುಗೆಮನೆಯಿಂದ ಬಂದ ಪರ್ವತಯ್ಯನನ್ನೂ ತಬ್ಬಿಕೊಂಡಳು. ಮೂವತ್ತು ವರ್ಷದಲ್ಲಿ ಪರರೆದುರು ಹೆಂಡತಿ ಹಾಗೆ ಮಾಡಿದ್ದಿಲ್ಲ. ಅವನು ಸೌಟು ಹಿಡಿದೇ ನಾಚಿಕೊಂಡ.

ಮೂರೂ ಆಟದ ಅಂಕ ಕೂಡಿದಾಗ ಬೀಗರ ಪಡೆಗೆ ಮೂರನೆಯ ಸ್ಥಾನ. ಬಹುಮಾನಕ್ಕೆಂದು ಬೀಗಿತ್ತಿಯರಿಬ್ಬರೂ ರೇಷ್ಮೆ ಸೀರೆಯುಟ್ಟು ಸಿರಾಕ್ಕೆ ಹೋದರು. ಅಂಗಡಿಯವನು ಕುರ್ಚಿ ಕೊಟ್ಟು, ಆಡಿದ ಹುಡುಗರು ಎಲ್ಲಿ ಎಂದು ವಿನಯದಿಂದ ಕೇಳಿದ. ಸರ್ವಮಂಗಳಾ ತನ್ನ ಎದೆ ಮುಟ್ಟಿಕೊಂಡು ಪುಲಿ ಎಂದಳು, ಬೀಗಿತ್ತಿಯನ್ನು ತೋರಿಸಿ ರಾಣಿ ಎಂದಳು. ಅಲ್ಲಿ ಸೇರಿದ್ದ ಕಾಲೇಜು ಹುಡುಗರಲ್ಲಿ ಒಬ್ಬ ಬಾಯಿ ತೆರೆದು ಹಾಗೇ ನಿಂತ. ಪೊದೆಯಲ್ಲಿದ್ದವನು ಅವನೇ. ಬಂದು ಇಬ್ಬರ ಕಾಲಿಗೂ ನಮಸ್ಕಾರ ಮಾಡಿ, ಜೊತೆಗೊಂದು ಫೋಟೋ ತೆಗೆಸಿಕೊಂಡ.

ಸರ್ವಮಂಗಳಾ ಪಾವಗಡಕ್ಕೆ ಮರಳಲಿಲ್ಲ, ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬೀಗಿತ್ತಿಯ ಜೊತೆ ಮಧುಗಿರಿಯ ಬಸ್ಸು ಹತ್ತಿದಳು. ಮಡಿಲಲ್ಲಿ ಬಹುಮಾನದ ನಾಲ್ಕು ಹೆಡ್‌ಫೋನ್. ಬಸ್ಸು ಊರು ದಾಟುವ ಮೊದಲೇ ಎರಡನೆಯ ಆಟದ ಜಗಳ ಶುರುವಾಯಿತು.

"ಆ ಮನೇಗೆ ಇಬ್ರನ್ನ ಹೊಡೆದಾಕಿದ್ರಿ, ಸರಿ. ಮೂರ್ನೇಯವನ್ನ ಯಾಕೆ ಬುಟ್ರಿ?" ಎಂದಳು ಪುಷ್ಪಾವತಿ.

"ಗುಂಡು ಅಯಿಪೋಯಿಂದಿ ಬೀಗಿತ್ತೀ. ಖಾಲಿ. ಬಾಣಲೇಲಿ ಹೊಡೀಬೇಕಿತ್ತಾ?"

ಟಿಕೆಟ್ ಕೊಡಲು ಬಂದಿದ್ದ ಕಂಡಕ್ಟರ್ ಕದರಪ್ಪ ಚಿಲ್ಲರೆ ಹಿಡಿದ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡು, ಎರಡು ಸೀಟು ಆಚೆ ಹೋಗಿ ನಿಂತ.