ಮೂರು ತಾಸಿನ ಹಾದಿಗೆ ಕಟ್ಟದ ಬುತ್ತಿ

ಮನ್ಯಾಗ ಯಾರರ ಊರಿಗೆ ಹೊಂಟಾರಂದ್ರ ನಮ್ಮವ್ವ ಕೇಳತಿದ್ದದ್ದು ಒಂದ ಮಾತು, "ಎಷ್ಟು ತಾಸಿನ ಹಾದಿ?" ಅದರ ಮ್ಯಾಲ ಬುತ್ತಿ ಕಟ್ಟಾಕಿ. ತಿಕೋಟಾದ ನಮ್ಮ ಮನಿಯಿಂದ ಬಬಲೇಶ್ವರದ ಆಕಿ ತವರಿಗೆ ಹೋಗಾಕ ಬುತ್ತಿ ಇಲ್ಲ. ಪುಣೆಕ್ಕಾದ್ರ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಇರಾಕಬೇಕು.

ನನ್ನ ತಂಗಿ ಗಂಡ ಮಿಲ್ಟ್ರಿಯಾಗ ಅದಾನ. ಅವನ್ನ ಗುವಾಹಟಿ ಕಡೆ ಹಾಕಿ, ತಂಗಿನೂ ಮಕ್ಕಳನ್ನ ಕರಕೊಂಡು ಅಲ್ಲಿಗೆ ಹೊಂಟಾಗ ಅವ್ವ ಸರಿಯಾಗಿ ಉಣ್ಣೂದ ಬಿಟ್ಟಳು. "ಎಷ್ಟು ದೂರ ಐತೋ ಯಪ್ಪಾ ಅದು?" ಅಂತ ಕೇಳಿ ಕೇಳಿ ನನ್ನ ಜೀವ ತಿಂದ್ಳು. ಸಿಟ್ಟು ಬಂದು, ಮೊಬೈಲಿನಾಗ ಹೈದರಾಬಾದಿನಿಂದ ಗುವಾಹಟಿಗೆ ವಿಮಾನದ ಹೊತ್ತು ತಗದು ಆಕಿ ಮುಂದ ಹಿಡದೆ.

"ಮೂರು ತಾಸೂ ಇಲ್ಲ ನೋಡವ್ವಾ. ನೀ ಬಬಲೇಶ್ವರಕ್ಕ ಹೋಗಿ ಬರೂದ್ರಾಗ ಆಕಿ ಬಂದ ಬಿಡ್ತಾಳ."

ಹೈದರಾಬಾದ ಮುಟ್ಟಾಕ ಬಸ್ಸಿನಾಗ ಎಂಟ್ಹತ್ತು ತಾಸು. ವಿಮಾನ ಇಳದ ಮ್ಯಾಲ ಅವರ ಕ್ಯಾಂಪಿಗೆ ಗುಡ್ಡದ ಹಾದಿ ಅರ್ಧ ದಿನ. ಇದ್ಯಾವದೂ ಹೇಳಲಿಲ್ಲ. ಹಾದಿ ಸುದ್ದಿ ಅವ್ವನ ಮುಂದ ತಗೀಬ್ಯಾಡ, ಚಿಂತಿ ಮಾಡ್ತಾಳ ಅಂತ ತಂಗಿಗೂ ಹೇಳಿಟ್ಟೆ. ಅವ್ವನ ಮುಖ ಅರಳಿತು, ನನಗೂ ಹಗರಾತು. ನನ್ನ ನಾಲಿಗಿ ಸೇದಿ ಹೋಗಲಿ.

ಹೋದ ದೀಪಾವಳಿಗೆ ತಂಗಿ ಬಂದು ತಿರುಗಿ ಹೊಂಟಾಗ ಅವ್ವ ಕುಂಕುಮ ಹಚ್ಚಿ, ಕೈಯಾಗ ಒಂದು ಹಿಡಿ ಒಣದ್ರಾಕ್ಷಿ ಇಟ್ಟು ಕಳಿಸಿದ್ಳು. ತಂಗಿ ಏನೋ ಕೇಳಾಕಿ ಬಾಗಲದಾಗ ಒಂದೀಟು ನಿಂತ್ಳು. "ಬಸ್ಸು ಹೋಗತೈತಿ, ನಡಿ ಬೇ" ಅಂತ ನಾನ ಅವಸರ ಮಾಡಿದೆ. ಆಮ್ಯಾಲ ಬುತ್ತಿ ಯಾಕ ಕಟ್ಟಲಿಲ್ಲ ಅಂತ ಕೇಳಿದ್ರ ಅವ್ವ, "ಮೂರು ತಾಸಿಗೆ ಎಂಥಾ ಬುತ್ತಿ?" ಅಂತ ನಕ್ಕಳು.

ಈ ಮಳಗಾಲದಾಗ ಅವ್ವಗ ಎದಿ ಬ್ಯಾನಿ ಬಂತು. ವಿಜಯಪುರದ ದವಾಖಾನಿಗೆ ಹಾಕಿದ್ವಿ. ತಂಗಿನ್ನ ಕರಸ್ತೀನಿ ಅಂದ್ರ ಗದರಿದ್ಳು. "ಮಕ್ಕಳ ಸಾಲಿ ಬಿಡಿಸಿ ಯಾಕ ಕರಸ್ತಿ? ಮೂರು ತಾಸಿನ ಹಾದಿ, ಬೇಕಾದಾಗ ಕರದರಾತು." ಆವಾಗರ ಖರೆ ಹೇಳಬೇಕಿತ್ತು. ಸುಳ್ಳಗಾರ ಅಂದಾಳು ಅಂತ ಅಂಜಿದೆ, ಇಷ್ಟು ದೊಡ್ಡಾಂವ ಆಗಿ!

ನಾಕನೇ ದಿನ ಮುಂಜಾನೆ ಏಳಕ್ಕ ಆಕಿಗೆ ಉಸರಾಡೂದು ಕಷ್ಟಾತು. "ಈಗ ಫೋನ್ ಹಚ್ಚು" ಅಂದ್ಳು. ಹಚ್ಚಿದೆ. ತಂಗಿ ಉಟ್ಟ ಸೀರಿಮ್ಯಾಲೆ ಹೊಂಟ್ಳು. ಅವ್ವ ಗ್ವಾಡಿ ಗಡಿಯಾರ ನೋಡಿಕೋತ ಮಲಗಿದ್ಳು. ಒಂಬತ್ತಾತು, ಹತ್ತಾತು. "ಇಳದಾಳೇನು?" ಅಂದ್ಳು. "ಬರಾಕತ್ತಾಳ" ಅಂದೆ. ಹನ್ನೊಂದಕ್ಕ, "ಬಸ್ ಸ್ಟ್ಯಾಂಡಿಗೆ ಹೋಗೋ ಯಪ್ಪಾ, ಆಕಿಗೆ ಈ ದವಾಖಾನಿ ಗೊತ್ತಿಲ್ಲ" ಅಂದ್ಳು. ಯಾವ ಮುಖ ಇಟ್ಟುಕೊಂಡು ಅಲ್ಲಿ ನಿಲ್ಲಲಿ? ಹೊರಗ ಹೋಗಿ ಗ್ವಾಡಿಗೆ ಆತುಕೊಂಡು ನಿಂತೆ. ತಿರುಗಿ ಒಳಗ ಬಂದಾಗ ಅವ್ವ ಹೋಗಿದ್ಳು. ಕಣ್ಣು ಬಾಗಲ ಕಡೆ ಇದ್ದುವು.

ತಂಗಿ ತಿಕೋಟಾ ಮುಟ್ಟಿದ್ದು ಮರುದಿನ ಸಂಜಿಕ. ಅಷ್ಟೊತ್ತು ಇಡಾಕ ಹಿರ್ಯಾರು ಒಪ್ಪಲಿಲ್ಲ, ಮಣ್ಣು ಮುಗದಿತ್ತು. ಆಕಿ ಅಡಗಿಮನಿಗೆ ಹೋಗಿ, ಅವ್ವನ ಬುತ್ತಿ ಅರಿವಿ ಮೂಗಿಗೆ ಹಿಡಕೊಂಡು ಕುಂತ್ಳು. ಬೈತಾಳ ಅಂದುಕೊಂಡಿದ್ದೆ. ಬೈಲಿಲ್ಲ.

"ಯಣ್ಣಾ, ಒಂದು ಖರೆ ಹೇಳು. ದೀಪಾವಳಿಗೆ ಅವ್ವ ನನಗ ಬುತ್ತಿ ಕಟ್ಟಲಿಲ್ಲ. ನನ್ನ ಮ್ಯಾಲ ಯಾತಕ್ಕ ಸಿಟ್ಟಾಗಿದ್ಳು?"

"ಸಿಟ್ಟು ಇರಲಿಲ್ಲ ಬೇ" ಅಂದೆ. ಅದರ ಮುಂದಿನ ಮಾತು ಇವತ್ತಿನ ತನಕ ಆಕಿಗೆ ಹೇಳಿಲ್ಲ.