ಹಸಿರು ಬಳೆ ತೊಟ್ಟು ಆಂಜಿಯೋಗ್ರಾಂಗೆ

ಬುಧವಾರ ಬೆಳಿಗ್ಗೆ ನಾನೂ ಯಜಮಾನರೂ ನಮ್ಮೂರು ಬಾಡದಿಂದ ಹೊರಟೆವು. ಕುಮಟಾ ಸ್ಟೇಷನ್ನಿಗೆ ರಿಕ್ಷಾ ಇನ್ನೂರು ರೂಪಾಯಿ. ಕೆಲವು ದಿನಗಳಿಂದ ಮೆಟ್ಟಿಲು ಹತ್ತುವಾಗ ನನಗೆ ಎದೆ ಹಿಡಿಯುತ್ತಿತ್ತು. ಮಂಗಳೂರಿಗೆ ಹೋಗಿ ಆಂಜಿಯೋಗ್ರಾಂ ಮಾಡಿಸಿ ಎಂದು ಡಾಕ್ಟರು ಹೇಳಿದ್ದರು. ಮಣಿಕಟ್ಟಿನ ರಕ್ತನಾಳದಿಂದ ತೆಳ್ಳಗಿನ ಕೊಳವೆ ಬಿಟ್ಟು, ಔಷಧ ಹಾಕಿ, ಹೃದಯದ ನಾಳ ಎಲ್ಲಿ ಕಟ್ಟಿದೆ ಎಂದು ನೋಡುವ ಪರೀಕ್ಷೆ ಅದು. ಬಹಳ ಕಟ್ಟಿದ್ದರೆ ಎದೆ ತೆರೆಯಬೇಕಾದೀತು. ನನ್ನ ಹೆದರಿಕೆ ಅದೊಂದೇ. ಭಜನೆ ಗುಂಪಿನವರೆಲ್ಲ ಕೇಳಿದಿರೆಂದು ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ. ಫೋನಿನಲ್ಲಿ ಬರೆಯಲು ಕಲಿತು ತಿಂಗಳಾಗಿಲ್ಲ, ತಾಳ್ಮೆಯಿಂದ ಓದಿ.

ಆಸ್ಪತ್ರೆಗೆ ಬರಿಗೈಯಲ್ಲಿ ಹೋಗಬಾರದೆಂದು ಹಿಂದಿನ ದಿನ ಕುಮಟಾ ಪೇಟೆಯಲ್ಲಿ ಕೈಗೆ ಆರರಂತೆ ಹಸಿರು ಗಾಜಿನ ಬಳೆ ಇಡಿಸಿಕೊಂಡಿದ್ದೆ. "ಈ ವಯಸ್ಸಲ್ಲೂ ಎಂತಾ ಸಣ್ಣ ಕೈ!" ಎಂದು ಬಳೆಯವಳು ಹೊಗಳಿದಳು. ಉಬ್ಬಿಹೋಗಿ, ಒಂದು ಅಳತೆ ಸಣ್ಣದನ್ನೇ ಹಿಸುಕಿ ಏರಿಸಿಕೊಂಡೆ.

ರೈಲು ಹೊನ್ನಾವರದ ಸೇತುವೆಗೆ ಬಂದು ಶರಾವತಿ ಹೊಳೆ ಕಂಡೊಡನೆ ಯಜಮಾನರು ಕೈ ಮುಗಿದರು. ಬೇರೆ ದಿನವಾದರೆ ಆ ಹೊತ್ತಿಗೆ ಗೊರಕೆ ಹೊಡೆಯುವವರು. ಭಟ್ಕಳದಲ್ಲಿ ಹತ್ತಿದ ಟೀಚರೊಬ್ಬರು ನಮ್ಮ ಫೈಲು ನೋಡಿ ಕೇಳಿದರು, "ಆಂಜಿಯೋಗ್ರಾಮಾ? ನಮ್ಮ ಅಮ್ಮಿಗೂ ಮಾಡಿದ್ರು. ಎಚ್ಚರ ಇರ್ತದೆ, ಕೈಗೆ ಮಾತ್ರ ಮರಗಟ್ಟೋ ಇಂಜೆಕ್ಷನ್. ಔಷಧ ಹೋಗುವಾಗ ಮೈಯೆಲ್ಲ ಬಿಸಿ ಆಗ್ತದೆ. ಹಾಸಿಗೇಲೇ ಒಂದಕ್ಕೆ ಹೋಯ್ತು ಅನಿಸ್ತದೆ. ಹೋಗಿರೋದಿಲ್ಲ, ಗಾಬರಿ ಆಗಬೇಡಿ."

ಯಜಮಾನರು ಕಿಟಕಿಯ ಕಡೆ ತಿರುಗಿದರು. ಡಾಕ್ಟರುಗಳು ಹೇಳದ್ದನ್ನು ಟೀಚರು ಹೇಳಿದರಲ್ಲ, ನನಗೆ ಅರ್ಧ ಧೈರ್ಯ ಬಂತು.

ಸಂಜೆ ಆಸ್ಪತ್ರೆಯಲ್ಲಿ ರಕ್ತ ತೆಗೆದು ಕಿಡ್ನಿ ಪರೀಕ್ಷೆ ಮಾಡಿದರು. ಯಾವ ಮಾತ್ರೆ ನುಂಗುತ್ತೀರಿ, ಯಾವ ಔಷಧ ಮೈಗೆ ಆಗದು ಎಂದು ಎರಡೆರಡು ಸಲ ಕೇಳಿದರು. ನಾಟಿ ಕಷಾಯದ ಸಂಗತಿಯನ್ನೂ ಮುಚ್ಚಿಡದೆ ಹೇಳಿದೆ. ನೀವೂ ಹೇಳಿ.

ಗುರುವಾರ ಬೆಳಿಗ್ಗೆ ಖಾಲಿ ಹೊಟ್ಟೆ. ಸಿಸ್ಟರು ನಮ್ಮ ಕಡೆಯವರೇ, ಕಾಯ್ಕಿಣಿ ಊರಿನವರು. ಬಲಗೈ ಹಿಡಿದು ನಿಟ್ಟುಸಿರು ಬಿಟ್ಟರು. "ಎಂತ ಅಜ್ಜಿ ಇದು? ಕೊಳವೆ ಬಿಡೂದೇ ಇಲ್ಲಿ. ಬಳೆ ಬರೂದಿಲ್ಲ, ಒಡೀಬೇಕು."

"ಒಡೆಯೂದಾ? ಅವರು ಹೊರಗೆ ಕೂತಾರೆ! ಎಡಗೈಲಿ ಮಾಡಿ."

"ಅಲ್ಲೂ ಆರು ಅದೆ."

"ಮತ್ತೆಲ್ಲಿಂದ ಆಗ್ತದೆ?"

"ತೊಡೆಯಿಂದ ಆಗ್ತದೆ. ಆಮೇಲೆ ಕಾಲು ಮಡಚದೆ ಗಂಟೆಗಟ್ಟಲೆ ಅಂಗಾತ ಮಲಗಬೇಕು, ಆಗ್ತದಾ?"

ನನ್ನ ಮುಖ ನೋಡಿ ಅವರಿಗೆ ನಗು ಬಂತು. ನನ್ನ ಕೈಗೆ ತೆಳು ಪ್ಲಾಸ್ಟಿಕ್ ಚೀಲ ತೊಡಿಸಿ, ಮೇಲೆ ಸಾಬೂನು ನೀರು ಸವರಿ, ಒಂದೊಂದೇ ಜಾರಿಸಿದರು. ಆರನೆಯದು ಹೆಬ್ಬೆರಳ ಬುಡದಲ್ಲಿ ನಿಂತಾಗ ನಾನು ಉಸಿರು ಹಿಡಿದೆ. "ಆತು!" ಎಂದರು. ಒಂದೂ ಒಡೆಯಲಿಲ್ಲ. ಬಳೆಯನ್ನು ಮನೆಯಲ್ಲೇ ತೆಗೆದಿಟ್ಟು ಹೋಗಿ, ನನ್ನ ಹಾಗೆ ಸೊಕ್ಕು ಮಾಡಬೇಡಿ.

ಒಳಗೆ ತಣ್ಣಗಿನ ಕೋಣೆ, ತಣ್ಣಗಿನ ಮೇಜು. ಇಂಜೆಕ್ಷನ್ ಚುಚ್ಚಿದ್ದು ಬಿಟ್ಟರೆ ನೋವಿಲ್ಲ. ಟೀಚರು ಹೇಳಿದ ಬಿಸಿಯೂ ಬಂತು, ಒಂದಕ್ಕೆ ಹೋದಂತೆಯೂ ಆಯಿತು, ಹೋಗಿರಲಿಲ್ಲ. ಅರ್ಧ ಗಂಟೆಯೊಳಗೆ ಮುಗಿದು ಮಣಿಕಟ್ಟಿಗೆ ಬಿಗಿಯಾದ ಪಟ್ಟಿ ಬಂತು. ಡಾಕ್ಟರು ಯಜಮಾನರನ್ನು ಕರೆದರು. "ಒಂದು ನಾಳ ಸ್ವಲ್ಪ ಕಿರಿದಾಗಿದೆ, ಅಷ್ಟೇ. ಆಪರೇಷನ್ ಬೇಡ. ಮಾತ್ರೆ ತಪ್ಪಿಸಬಾರದು."

ಯಜಮಾನರು ಡಾಕ್ಟರಿಗೆ ಕೈ ಮುಗಿದರು. ನನಗೆ ಮಾತ್ರ, "ಸುಮ್ನೆ ಹೆದರಿಸ್ದೆಯಲ್ಲೇ," ಎಂದು ಬೈದರು. ಕಣ್ಣು ಒದ್ದೆಯಾಗಿತ್ತು.

ನೀರು ಚೆನ್ನಾಗಿ ಕುಡಿಯಿರಿ, ಕೆಲವು ದಿನ ಬಲಗೈಯಲ್ಲಿ ಭಾರ ಎತ್ತಬೇಡಿ, ರಕ್ತ ಒಸರಿದರೆ ಅಥವಾ ಕೈ ಊದಿದರೆ ತಕ್ಷಣ ಬನ್ನಿ ಎಂದು ಹೇಳಿ ಶುಕ್ರವಾರ ಕಳಿಸಿದರು. ರೈಲು ಭಟ್ಕಳ ಬಿಟ್ಟ ಮೇಲೆ ಯಜಮಾನರು ಇಡ್ಲಿ ಪೊಟ್ಟಣ ಬಿಚ್ಚಿದರು. ನಾನು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತೆ. ಎಡಗೈಯಲ್ಲಿ ತಿನ್ನುವುದು ನಮ್ಮಲ್ಲಿ ಇಲ್ಲವಲ್ಲ.

ಅವರು ಅತ್ತಿತ್ತ ನೋಡಿದರು. ಎದುರಿನ ಸೀಟು ತುಂಬಾ ಜನ. "ಬಾಯಿ ತೆಗಿ ಮಾರಾಯ್ತಿ, ಲಗೂ," ಎಂದು ಮೆಲ್ಲಗೆ ಗದರಿ ತುತ್ತು ಇಟ್ಟರು. ಮದುವೆಯ ದಿನದ ನಂತರ ಇದೇ ಮೊದಲು. ಹೊನ್ನಾವರದ ಸೇತುವೆ ಬರುವಷ್ಟರಲ್ಲಿ ಮೂರು ಇಡ್ಲಿ ಮುಗಿಸಿದೆ.

ಬಲಗೈಯಲ್ಲೇ ಊಟ ಮಾಡಬಹುದು ಎಂದು ಸಿಸ್ಟರು ನನಗೊಬ್ಬಳಿಗೇ ಹೇಳಿದ್ದರು. ಯಜಮಾನರು ಈ ಗುಂಪಿನಲ್ಲಿಲ್ಲ. ಯಾರೂ ಬಾಯಿ ಬಿಡಬೇಡಿ.